ಬೆನ್ನ ಹಿಂದಿನ ಕೈ

ನವೆಂಬರ್ ೯

ಅಪ್ಪ,

ನಾನು ಚೆನ್ನಾಗಿದ್ದೇನೆ, ಕೈಕಾಲು ಎಲ್ಲ ಇದ್ದಲ್ಲೇ ಇವೆ. ಮೊದಲು ಈ ಸಾಲನ್ನು ಅಮ್ಮನಿಗೆ ಓದಿ ಹೇಳಿಬಿಡಿ. ಉಳಿದದ್ದನ್ನು ಡಿಪೋದಲ್ಲಿ ಪುರುಸೊತ್ತಾದಾಗ ಓದಿಕೊಳ್ಳಬಹುದು.

ಇಲ್ಲಿ ಫೋನು ಕೆಲಸ ಮಾಡುವುದಿಲ್ಲ. ಎರಡೂ ಕಡೆ ಬಂಡೆಯ ಗೋಡೆ, ನಡುವೆ ನದಿ, ತಲೆಯ ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಕೆಳಗಿಳಿದು ಬಂದು ನಮ್ಮನ್ನು ಮಾತಾಡಿಸಿ ಹೋಗುತ್ತದೆ. ಸಾಮಾನಿನ ಜೀಪು ವಾರಕ್ಕೊಮ್ಮೆ ಬರುತ್ತದೆ. ಕಾಗದ ಅದರಲ್ಲೇ ಬರಬೇಕು, ಅದರಲ್ಲೇ ಹೋಗಬೇಕು. ಆದ್ದರಿಂದ ಇನ್ನು ಮೇಲೆ ಜಗಳ ಆಡುವುದಿದ್ದರೆ ನಾವಿಬ್ಬರೂ ಯೋಚನೆ ಮಾಡಿಯೇ ಆಡಬೇಕಾಗುತ್ತದೆ.

ಮನೆಯಲ್ಲಿ ಮೆತ್ತನೆಯ ಹಾಸಿಗೆ ಇರುವವರು ಇಷ್ಟು ದೂರ ಬಂದು ಡೇರೆಯೊಳಗೆ ನೆಲದ ಮೇಲೆ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದು, "ಆಹಾ, ಎಂಥ ಜಾಗ!" ಎನ್ನುತ್ತಾರೆ. ಕೆಲವರು ಬಂಡೆ ಹತ್ತುತ್ತಾರೆ, ಕೆಲವರು ಮಡುವಿನಲ್ಲಿ ಈಜುತ್ತಾರೆ. ಹೆಚ್ಚಿನವರು ಬರುವುದು ರಾಫ್ಟಿಂಗಿಗೆ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕೂತು, ಕೈಯಲ್ಲೊಂದು ಹುಟ್ಟು ಹಿಡಿದು, ನೀರು ಬಂಡೆಗಳ ಮೇಲೆ ಬಿದ್ದೆದ್ದು ಓಡುವ ಕಡೆಯೆಲ್ಲ ಅದರ ಜೊತೆ ಬಿದ್ದೆದ್ದು ಹೋಗುವುದು. ದೋಣಿಯ ಹಿಂಬದಿಯಲ್ಲಿ ಕೂತು ದಿಕ್ಕು ಹಿಡಿಯುವವರು ಗೈಡ್.

ನಾನಿನ್ನೂ ಗೈಡ್ ಅಲ್ಲ. ನಾನು ರಾಫ್ಟಿಗೆ ಗಾಳಿ ತುಂಬುವವಳು, ಲೈಫ್ ಜಾಕೆಟ್ ತೊಳೆದು ಒಣಹಾಕುವವಳು. ಒದ್ದೆ ಲೈಫ್ ಜಾಕೆಟ್ಟಿನ ವಾಸನೆಯನ್ನು ವರ್ಣಿಸಲು ನಾನು ಓದಿದ ತರಗತಿಗಳು ಸಾಲವು.

ಇಲ್ಲಿನ ಯಜಮಾನತಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಮೊದಲ ದಿನ ಕೇಳಿದರು: "ಎಲ್ಲೀವರ್ಗೂ ಓದಿದೀಯ?"

"ಹತ್ತನೇ ಕ್ಲಾಸು, ಅರ್ಧ."

"ಇನ್ನರ್ಧ?"

"ಕೂರಕ್ಕಾಗ್ಲಿಲ್ಲ."

"ನೀರಂದ್ರೆ ಹೆದ್ರಿಕೆ ಇದೆಯಾ?"

"ಇದೆ."

ಅವರು, "ಇಲ್ಲ ಅಂದಿದ್ರೆ ಇದೇ ಜೀಪಲ್ಲಿ ವಾಪಸ್ ಕಳಿಸ್ತಿದ್ದೆ," ಎಂದರು.

ಹೊರಡುವ ದಿನ ನೀವು ಹೇಳಿದ್ದು ನೆನಪಿದೆ. "ನೀನು ಹುಟ್ಟಿದಾಗಿನಿಂದ ಪೂರ್ತಿ ಮುಗಿಸಿರೋದು ಅಂದ್ರೆ ತಟ್ಟೇಲಿರೋ ಊಟ ಒಂದೇ." ನಿಜ. ಶಾಲೆ ನಾನು ಬಿಟ್ಟೆ, ಟೈಪಿಂಗ್ ನಾನು ಬಿಟ್ಟೆ, ಬಟ್ಟೆ ಅಂಗಡಿಯವರು ನನ್ನನ್ನು ಬಿಟ್ಟರು. ಗಿರಾಕಿ "ಬಣ್ಣ ಹೋಗುತ್ತಾ?" ಎಂದು ಕೇಳಿದರು, "ಹೋಗುತ್ತೆ" ಎಂದೆ. ಇದರಲ್ಲಿ ನನ್ನ ತಪ್ಪು ಯಾವುದು ಎಂದು ಇವತ್ತಿಗೂ ತಿಳಿದಿಲ್ಲ.

ಆದರೆ ಇದನ್ನು ಮುಗಿಸುತ್ತೇನೆ. ಸೀಸನ್ನಿನ ಕೊನೆಯ ಟ್ರಿಪ್ ಆದ ಮೇಲೆ ದೊಡ್ಡಕ್ಕ ಒಪ್ಪಿದರೆ ನನಗೆ ಸ್ವಂತ ರಾಫ್ಟು ಸಿಗುತ್ತದೆ, ನಾನು ಗೈಡ್ ಆಗುತ್ತೇನೆ. ಒಪ್ಪದಿದ್ದರೆ ಮನೆಗೆ ಬಂದು ನೀವು ಹೇಳಿದಂತೆ ಪರೀಕ್ಷೆಗೆ ಕೂರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ. ಮಾತು ಕೊಟ್ಟಿದ್ದೇನೆ.

ನಿಮ್ಮ ಮಗಳು


ಡಿಸೆಂಬರ್ ೪

ಗಾಳಿಪಟಕ್ಕೆ,

ಕಾಗದ ಬಂತು. ನಿನ್ನಮ್ಮ ಮೊದಲ ಸಾಲು ಕೇಳಿ ಉಸಿರು ಬಿಟ್ಟಳು, ಕೊನೆಯ ಸಾಲು ಕೇಳಿ ನಕ್ಕಳು. "ತುಟಿ ಪಿಟಕ್ಕೆನ್ನಲ್ವಂತೆ! ಅದನ್ನ ನೋಡೋದಕ್ಕಾದ್ರೂ ಅವಳು ವಾಪಸ್ ಬರ್ಲಿ" ಎಂದಳು.

ನಾನು ಘಟ್ಟದ ರಸ್ತೆಯಲ್ಲಿ ಇಷ್ಟು ವರ್ಷ ಬಸ್ಸು ಓಡಿಸಿದವನು. ನನ್ನ ಬಸ್ಸಿಗೆ ಬ್ರೇಕ್ ಇದೆ, ಹಾರ್ನ್ ಇದೆ, ಜಗಳಕ್ಕೆ ಅಂತಲೇ ಒಬ್ಬ ಕಂಡಕ್ಟರ್ ಇದ್ದಾನೆ. ನಿನ್ನ ರಬ್ಬರ್ ದೋಣಿಗೆ ಏನಿದೆ? ಇಳಿಜಾರಿನಲ್ಲಿ ಅದನ್ನು ಹೇಗೆ ತಡೆಯುತ್ತೀರಿ? ಇದೊಂದನ್ನು ಬಿಡಿಸಿ ಬರಿ. ರಾತ್ರಿ ಮಲಗಿದರೂ ನನ್ನ ಬಲಗಾಲು ಹಾಸಿಗೆಯನ್ನು ಒತ್ತುತ್ತದೆ ಎಂದು ನಿನ್ನಮ್ಮ ದೂರು ಹೇಳುತ್ತಾಳೆ.

ಕಂಡಕ್ಟರ್ ಮಾಮ ಕೇಳಿದ, "ಮಗಳು ಎಲ್ಲಿ?" ಎಂದು. "ಯಾವುದೋ ಕಣಿವೇಲಿ ಜಾಕೆಟ್ ಒಗೀತಿದಾಳೆ" ಎಂದೆ. ಅವನು, "ಒಗೆಯೋದನ್ನಾದ್ರೂ ಪೂರ್ತಿ ಒಗೀತಾಳಾ?" ಎಂದ. ನಾನೂ ನಕ್ಕೆ. ಆಮೇಲೆ ಯಾಕೋ ಅವನ ಮೇಲೆ ಸಿಟ್ಟು ಬಂತು. ಸಂಜೆಯವರೆಗೆ ಮಾತಾಡಿಸಲಿಲ್ಲ.

ಮಾತು ಕೊಟ್ಟಿದ್ದೀಯ. ಮಾತು ಮಾತೇ.

ನಿನ್ನ ಅಪ್ಪ

(ತಲೆ ಒರೆಸಿಕೊಂಡು ಮಲಗು. ಒದ್ದೆ ಜಡೆ ಹಾಕಬೇಡ. — ಅಮ್ಮ)


ಜನವರಿ ೧೧

ಅಪ್ಪ,

ರಾಫ್ಟಿಗೆ ಬ್ರೇಕ್ ಇಲ್ಲ. ಕೇಳಿದ್ದೀರಿ, ಹೇಳಿದೆ.

ನಿಲ್ಲಿಸಲು ಹೋದರೆ ಇನ್ನೂ ಅಪಾಯ. ನೀರಿಗಿಂತ ನಿಧಾನವಾದರೆ ನೀರು ನಮ್ಮನ್ನು ತನಗೆ ಬೇಕಾದ ಕಡೆ ಎಳೆದುಕೊಂಡು ಹೋಗುತ್ತದೆ. ಅದಕ್ಕಿಂತ ಬೇಗ ಹುಟ್ಟು ಹಾಕಿದರೆ ಮಾತ್ರ ರಾಫ್ಟು ಗೈಡ್ ಮಾತು ಕೇಳುತ್ತದೆ. ಹೊಸಬರು ಹೆದರಿಕೆ ಆದಾಗಲೇ ಕೈ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಡಗಡೆಯವರು ಮುಂದಕ್ಕೆ, ಬಲಗಡೆಯವರು ಹಿಂದಕ್ಕೆ. ಅವರೆಲ್ಲರ ಕೈಗಳನ್ನು ಒಂದೇ ಕೈ ಮಾಡುವುದು ಗೈಡಿನ ಕೆಲಸ. ಹೋದ ವಾರ ದೊಡ್ಡಕ್ಕ ಮೆಲ್ಲನೆಯ ನೀರಿನಲ್ಲಿ ನನ್ನನ್ನು ಹಿಂದೆ ಕೂರಿಸಿದರು. "ಮುಂದಕ್ಕೆ!" ಎಂದು ಕೂಗಿದೆ. ನನಗಿಂತ ದೊಡ್ಡವರು, ಕನ್ನಡಕದವರು, ಹೊಟ್ಟೆಯವರು, ಎಲ್ಲರೂ ಮುಂದಕ್ಕೆ ಹಾಕಿದರು. ಅಪ್ಪ, ನನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದು ಇದೇ ಮೊದಲು.

ಈಗ ಮುಖ್ಯವಾದ ವಿಷಯ. ದಾರಿಯ ಕೊನೆಗೆ ಬೀಸುಕಲ್ಲು ಎಂಬ ಜಾಗವಿದೆ. ನದಿ ಅಲ್ಲಿ ಎರಡು ಬಂಡೆಗಳ ನಡುವೆ ಧುಮುಕಿ, ಕೆಳಗೆ ಸುತ್ತು ಹೊಡೆಯುತ್ತದೆ. ಜನ ಬರುವುದೇ ಅದನ್ನು ಇಳಿಯಲಿಕ್ಕೆ. ಆದರೆ ಅದು ದಿನಕ್ಕೊಂದು ಥರ. ಆದ್ದರಿಂದ ಅದಕ್ಕೆ ಮೊದಲು ರಾಫ್ಟುಗಳನ್ನು ದಡಕ್ಕೆ ಕಟ್ಟಿ, ಬಂದವರನ್ನು ಕೆಳಗೆ ಕೂರಿಸಿ, ಗೈಡುಗಳು ಮಾತ್ರ ಒಂದು ಎತ್ತರದ ಬಂಡೆ ಹತ್ತಿ ನೀರು ನೋಡುತ್ತಾರೆ. ನಾವು ಮೂವರು: ಮೌನಿ, ಪಟಾಕಿ, ಮತ್ತೆ ಕಲಿಯುತ್ತಿರುವ ನಾನು. ಹೆಸರಿನಿಂದಲೇ ಯಾರು ಹೇಗೆ ಎಂದು ನಿಮಗೆ ತಿಳಿದಿರುತ್ತದೆ.

ನೋಡಿಯಾದ ಮೇಲೆ ಮೂವರೂ ನೀರಿನ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುತ್ತೇವೆ, ಕೈ ಬೆನ್ನ ಹಿಂದೆ. ಇಳಿಯಬಹುದು ಅನ್ನಿಸಿದರೆ ಅಂಗೈ ತೆರೆಯಬೇಕು. ಬೇಡ ಅನ್ನಿಸಿದರೆ ಮುಷ್ಟಿ ಕಟ್ಟಬೇಕು. ಪಕ್ಕದವರ ಕೈ ಯಾರಿಗೂ ಕಾಣುವುದಿಲ್ಲ. ದೊಡ್ಡಕ್ಕ ಒಬ್ಬರೇ ಹಿಂದೆ ನಿಂತು ನೋಡುತ್ತಾರೆ. ಒಂದೇ ಒಂದು ಮುಷ್ಟಿ ಇದ್ದರೂ "ನಡಿಗೆ" ಎನ್ನುತ್ತಾರೆ. ಆಗ ಬಂದವರೆಲ್ಲ ಬಂಡೆಗಳ ಮೇಲಿನ ಕಾಲುದಾರಿಯಲ್ಲಿ ನಡೆದು ಕೆಳಗೆ ಹೋಗಬೇಕು, ಖಾಲಿ ರಾಫ್ಟುಗಳನ್ನು ನಾವು ಹಗ್ಗ ಕಟ್ಟಿ ದಡದ ಅಂಚಿನಲ್ಲೇ ಇಳಿಸುತ್ತೇವೆ. ಯಾರದು ಮುಷ್ಟಿ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಕಲಿಯುವವಳ ಕೈಗೂ ಗುರುವಿನ ಕೈಯಷ್ಟೇ ಬೆಲೆ.

ಶಾಲೆಯಲ್ಲಿ ಅಷ್ಟು ವರ್ಷ ಕೈ ಎತ್ತಿದೆ. ಅದಕ್ಕೆ ಬೆಲೆ ಸಿಕ್ಕಿದ್ದು ಈಗ, ಅದೂ ಬೆನ್ನ ಹಿಂದೆ ಇಟ್ಟುಕೊಂಡಾಗ.

ನಿಮ್ಮ ಮಗಳು

ಅಮ್ಮನಿಗೆ: ಜಡೆ ಹಾಕುವುದೇ ಇಲ್ಲ. ಕೂದಲು ಕತ್ತರಿಸಿಕೊಂಡಿದ್ದೇನೆ. ಬೈಯುವುದಿದ್ದರೆ ಒಂದೇ ಸಲ ಬೈದು ಮುಗಿಸು.


ಫೆಬ್ರವರಿ ೧೫

ಅಪ್ಪ,

ನನ್ನನ್ನು ರಾಫ್ಟಿನಿಂದ ಇಳಿಸಿದ್ದಾರೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವ ಸಂಭವವಿಲ್ಲ, ಆದರೂ ಹೇಳುತ್ತಿದ್ದೇನೆ.

ಹೋದ ವಾರ ಒಂದು ತಂಡ ಬಂದಿತ್ತು, ಯಾವುದೋ ದೊಡ್ಡ ಕಚೇರಿಯವರು. ಅವರಲ್ಲಿ ಬಿಳಿ ಟೋಪಿಯವನೊಬ್ಬ ಮುಖಂಡ. ದಾರಿಯುದ್ದಕ್ಕೂ ಬೀಸುಕಲ್ಲು ಯಾವಾಗ, ಬೀಸುಕಲ್ಲು ಯಾವಾಗ ಎಂದು ಒಂದೇ ರಗಳೆ. ಬಂಡೆ ಹತ್ತಿ ನೋಡಿದರೆ, ಮೇಲಿನಿಂದ ತೇಲಿ ಬಂದ ಮರವೊಂದು ಎಡಗಡೆ ಬಂಡೆಗೆ ಸಿಕ್ಕಿಕೊಂಡಿತ್ತು. ಬೇರು ಮಾತ್ರ ಕಾಣುತ್ತಿತ್ತು, ಉಳಿದದ್ದು ನೀರಿನೊಳಗೆ. ಬಲಗಡೆ ದಾರಿ ಇತ್ತು. ಆದರೆ ರಾಫ್ಟು ಒಂದಿಷ್ಟು ಎಡಕ್ಕೆ ಜಾರಿದರೂ ತಿರುಗಿಸಲಾಗುವುದಿಲ್ಲ ಅನ್ನಿಸಿತು. ಮುಷ್ಟಿ ಕಟ್ಟಿದೆ.

ದೊಡ್ಡಕ್ಕ "ನಡಿಗೆ" ಎಂದರು.

ಕೆಳಗಿಳಿದಾಗ ಬಿಳಿ ಟೋಪಿ ನೇರವಾಗಿ ಮೌನಿ ಅಣ್ಣನ ಮುಂದೆ ಹೋಗಿ ನಿಂತ. ಹೋದ ವರ್ಷ ಮೌನಿ ಅಣ್ಣನ ರಾಫ್ಟು ಮಗುಚಿ ಒಬ್ಬರ ಕೈ ಮುರಿದಿತ್ತು. ಅದನ್ನು ಜೀಪಿನಲ್ಲಿ ಯಾರೋ ಹೇಳಿದ್ದಾರೆ.

"ಹೋದ ವರ್ಷ ಮಗುಚಿದ್ದು ನೀನೇ ಅಲ್ವೇನಯ್ಯಾ? ನಿನ್ನ ಪುಕ್ಕಲುತನಕ್ಕೆ ನಾವ್ಯಾಕೆ ಬಂಡೆ ಹತ್ತಿ ಸಾಯ್ಬೇಕು?"

ಮೌನಿ ಅಣ್ಣ ಹಗ್ಗ ಬಿಚ್ಚುತ್ತಲೇ ಇದ್ದ. ಕಿವಿ ಕೇಳದವನ ಹಾಗೆ.

ನನಗೆ ತಡೆಯಲಾಗಲಿಲ್ಲ. "ರೀ, ಅವರನ್ನ ಬೈಬೇಡಿ. ಬೇಡ ಅಂದಿದ್ದು ನಾನು" ಎಂದೆ.

ಬಿಳಿ ಟೋಪಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನೀನಾ? ಹಾಗಾದ್ರೆ ಇವರಿಬ್ರೂ ಹೋಗ್ಬಹುದು ಅಂದಿದ್ರು!" ತಕ್ಷಣ ಪಟಾಕಿಯ ಕಡೆ ತಿರುಗಿದ. "ನೀನು ಹೋಗ್ಬಹುದು ಅಂದೋನು ತಾನೇ? ಕರ್ಕೊಂಡು ಹೋಗು ಮತ್ತೆ. ಈ ಹುಡುಗಿ ಬೇಕಾದ್ರೆ ನಡ್ಕೊಂಡು ಬರ್ಲಿ."

ಅವನ ತಂಡದವರೆಲ್ಲ ಕೂಗಲು ಶುರು ಮಾಡಿದರು. "ಎರಡಕ್ಕೆ ಒಂದು! ಎರಡಕ್ಕೆ ಒಂದು!" ಇಬ್ಬರು ಆಗಲೇ ರಾಫ್ಟು ಹತ್ತಿ ಕೂತರು. ಪಟಾಕಿ ನನ್ನನ್ನು ನೋಡಿದ ರೀತಿ ಇದೆಯಲ್ಲ, ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ದೊಡ್ಡಕ್ಕ ಬಂದು ರಾಫ್ಟಿನಲ್ಲಿ ಕೂತವರ ಹುಟ್ಟು ಕಿತ್ತುಕೊಂಡು, "ಇಲ್ಲಿ ಲೆಕ್ಕ ಹಾಕೋದು ಹಾಗಲ್ಲ. ನಡೀರಿ" ಎಂದು ಗದರಿದ ಮೇಲೆ ಜನ ಕದಲಿದರು.

ಸಂಜೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ದೊಡ್ಡಕ್ಕ ಬಂದರು.

"ನೀನು ನಿನ್ನ ಕೈ ಒಂದನ್ನೇ ತೋರಿಸ್ದೆ ಅಂದ್ಕೊಂಡಿದೀಯ. ಮೂರು ಕೈನೂ ತೋರಿಸ್ದೆ."

"ಅವರು ಸುಮ್ಸುಮ್ನೆ ಮೌನಿ ಅಣ್ಣನ್ನ ಬೈತಿದ್ರು."

"ಬೈಸ್ಕೊಂಡ. ಸವೆದು ಹೋದ್ನಾ?"

"ನಾನು ಸುಳ್ಳು ಹೇಳೋಳಲ್ಲ ದೊಡ್ಡಕ್ಕ."

"ಸುಳ್ಳು ಹೇಳು ಅಂದೋರ್ಯಾರು?" ಅವರು ದನಿ ಏರಿಸಲಿಲ್ಲ. "ನಾಳೆ ನಿನ್ನ ಪಕ್ಕ ನಿಂತಾಗ ಅವರಿಬ್ರೂ ನೀರಿನ ಯೋಚನೆ ಮಾಡಲ್ಲ, ನಿನ್ನ ಬಾಯಿದು ಮಾಡ್ತಾರೆ. ಆಮೇಲೆ ಮುಷ್ಟಿ ಕಟ್ಟಬೇಕಾದೋನು ಅಂಗೈ ತೆಗೀತಾನೆ. ಅವತ್ತು ಸಾಯೋದು ಯಾರು?"

ಈಗ ನಾನು ದಡದ ಮೇಲಿದ್ದೇನೆ. ಜಾಕೆಟ್, ಪಾತ್ರೆ, ತೂತಾದ ರಾಫ್ಟಿಗೆ ತೇಪೆ. ಮೌನಿ ಅಣ್ಣನ ಹತ್ತಿರ ಹೋಗಿ, "ನಿಮಗೋಸ್ಕರ ಹೇಳಿದ್ದು" ಎಂದೆ. "ಕೇಳಿದ್ನಾ?" ಎಂದ. ಅಷ್ಟೇ.

ಬ್ಯಾಗು ಕಟ್ಟಿಟ್ಟಿದ್ದೇನೆ. ಮುಂದಿನ ಜೀಪಿಗೆ ಹೊರಟು ಬರೋಣ ಅಂತಲೇ ಇದೆ. ನಿಜ ಹೇಳಿದ್ದಕ್ಕೆ ಶಿಕ್ಷೆ ಕೊಡುವ ಜಾಗದಲ್ಲಿ ನಾನು ಯಾಕಿರಬೇಕು? ಆದರೆ ಅವರು ಹೇಳಿದ್ದು ತಪ್ಪು ಎನ್ನಲೂ ಆಗುತ್ತಿಲ್ಲ. ಆ ಇಬ್ಬರು ರಾಫ್ಟು ಹತ್ತಿ ಕೂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅದೇ ಸಂಕಟ.

ನಿಮ್ಮ ಮಗಳು


ಫೆಬ್ರವರಿ ೨೬

ಗಾಳಿಪಟಕ್ಕೆ,

ಬ್ಯಾಗು ಬಿಚ್ಚು.

ಇದನ್ನು ಹೇಗೆ ಬರೆಯಬೇಕೋ ತಿಳಿಯದೆ ಎರಡು ಸಲ ಕಾಗದ ಹರಿದೆ. ನಿನ್ನಮ್ಮ, "ಬಸ್ ಓಡಿಸೋ ಹಾಗೆ ಬರೀರಿ, ನೇರವಾಗಿ" ಎಂದಳು.

ನೀನು ಶಾಲೆ ಬಿಟ್ಟ ವರ್ಷ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದರು. ಸಕ್ಕರೆ ಕೇಳುವ ನೆಪ, ಪೇಪರ್ ಕೇಳುವ ನೆಪ. ಫೇಲಾದಳಾ, ಯಾರಾದರೂ ಹುಡುಗನಾ, ಮೇಷ್ಟ್ರು ಹೊಡೆದರಾ. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಪ್ರತಿಯೊಬ್ಬರಿಗೂ ನಿನ್ನಮ್ಮ ಹೇಳಿದ್ದು ಒಂದೇ: "ಬಿಟ್ಟಳು. ಟೀ ಕುಡೀತೀರಾ?" ನನಗೆ ಅವಳ ಮೇಲೆ ಕೋಪ ಬಂತು. "ಏನಾದರೊಂದು ಕಾರಣ ಹೇಳಿ ಬಾಯಿ ಮುಚ್ಚಿಸಬಾರದಾ?" ಎಂದೆ. "ಕಾರಣ ಅವಳದು. ನನ್ನ ಹತ್ರ ಇದೆ ಅಂತ ಹಂಚೋಕಾಗುತ್ತಾ?" ಎಂದಳು. ಆರು ತಿಂಗಳು ಜನ ಬಾಯಿಗೆ ಬಂದದ್ದು ಆಡಿಕೊಂಡರು. ಇವಳು ಟೀ ಕೊಟ್ಟಳು.

ನಿನ್ನಮ್ಮ ಒಂದು ಸುಳ್ಳನ್ನೂ ಹೇಳಲಿಲ್ಲ, ಗಮನಿಸು.

ಇನ್ನೊಂದು ಮಾತು. ನಿನ್ನ ಕಾಗದವನ್ನು ನಾನು ಡಿಪೋದಲ್ಲಿ ಓದಿ ಹೇಳಿದೆ. ಎಲ್ಲ ಡ್ರೈವರುಗಳೂ ಆ ಮರದ ಬೇರಿನ ವಿಷಯ ಕೇಳಿದರು. ಬಲಗಡೆ ದಾರಿ ಇದ್ದರೂ ಬೇಡ ಅಂದಳಲ್ಲ ಎಂದು ಒಬ್ಬ ತಲೆದೂಗಿದ. ಕಂಡಕ್ಟರ್ ಮಾಮ, "ನಿನ್ನ ಮಗಳು ಬ್ರೇಕ್ ಇಲ್ಲದ ಗಾಡೀಲಿ ಬ್ರೇಕ್ ಹಾಕಿದಾಳೆ ಕಣೋ" ಎಂದ. ಟೀ ನಾನು ಕೊಡಿಸಿದೆ.

ಕೊನೆಯ ಟ್ರಿಪ್ ಯಾವಾಗ? ನಾನೂ ಕಂಡಕ್ಟರ್ ಮಾಮನೂ ರಜೆ ಹಾಕಿದ್ದೇವೆ. ನೀನು ದಡದ ಮೇಲಿದ್ದರೂ ಸರಿ, ನೀರಿನ ಮೇಲಿದ್ದರೂ ಸರಿ, ಬರುತ್ತೇವೆ.

ನಿನ್ನ ಅಪ್ಪ

(ಕೂದಲು ಬೆಳೆಯುತ್ತದೆ. — ಅಮ್ಮ)


ಮಾರ್ಚ್ ೧೨

ಅಪ್ಪ,

ಬ್ಯಾಗು ಬಿಚ್ಚಿದೆ. ಅದರೊಳಗಿದ್ದ ಬಟ್ಟೆಗೆಲ್ಲ ಬೂಸಲು ಬಂದಿತ್ತು.

ಬಿಳಿ ಟೋಪಿಯವನು ಊರಿಗೆ ಹೋಗಿ ಸುಮ್ಮನೆ ಕೂತಿಲ್ಲ. ಆಮೇಲೆ ಬಂದ ತಂಡದಲ್ಲಿ ಒಬ್ಬ ಹೆಂಗಸು ತೇಪೆ ಹಾಕುತ್ತಿದ್ದ ನನ್ನ ಹತ್ತಿರ ಬಂದು, "ಅವತ್ತು ಬೇಡ ಅಂದಿದ್ದು ನೀನಂತೆ? ಯಾವಾಗ್ಲೂ ನೀನೇ ಅಂತೀಯಾ, ಇಲ್ಲಾ ಬೇರೆಯವರೂ ಅಂತಾರಾ?" ಎಂದು ಕೇಳಿದರು. ಕೆಟ್ಟವರಲ್ಲ, ಕುತೂಹಲ. ನನಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದು ಕೂತಿತ್ತು. ಗಿರಾಕಿ ಕೇಳಿದರೆ ಬಣ್ಣ ಹೋಗುತ್ತೆ ಎನ್ನುವವಳು ನಾನು. "ಅದನ್ನ ನಾವು ಮಾತಾಡಲ್ಲ" ಎಂದೆ. ಅವರಿಗೆ ಬೇಸರವಾಯಿತು, ಎದ್ದು ಹೋದರು. ನನ್ನ ಮುಖ ಬೆಂಕಿಯ ಹಾಗೆ ಸುಡುತ್ತಿತ್ತು. ಅಮ್ಮ ಆರು ತಿಂಗಳು ಇದನ್ನು ಹೇಗೆ ಮಾಡಿದಳು?

ಪಕ್ಕದ ರಾಫ್ಟಿನ ಮರೆಯಲ್ಲಿ ಮೌನಿ ಅಣ್ಣ ಕೂತಿದ್ದನೆಂದು ನನಗೆ ಗೊತ್ತಿರಲಿಲ್ಲ. ಎದ್ದು ಬಂದು, ನಾನು ಹಚ್ಚಿದ ತೇಪೆಯನ್ನು ಉಗುರಿನಿಂದ ಕಿತ್ತು, "ಹೀಗಲ್ಲ, ಅಂಟು ಸ್ವಲ್ಪ ಒಣಗಬೇಕು" ಎಂದು ತಾನೇ ಕೂತು ಹಾಕಿ ತೋರಿಸಿದ. ಅಪ್ಪ, ಅವನು ನನ್ನ ಹತ್ತಿರ ಇಷ್ಟು ಉದ್ದದ ವಾಕ್ಯ ಆಡಿದ್ದು ತಿಂಗಳಲ್ಲಿ ಅದೇ ಮೊದಲು.

ನಿನ್ನೆ ದೊಡ್ಡಕ್ಕ, "ಕೊನೇ ಟ್ರಿಪ್ಪಿಗೆ ಒಂದು ರಾಫ್ಟು ನಿಂದು. ಅವರಿಬ್ರನ್ನೂ ಕೇಳ್ದೆ. ನಿನ್ನ ಪಕ್ಕ ನಿಂತ್ಕೋತಾರಂತೆ" ಎಂದರು. ಪಟಾಕಿ ಅಲ್ಲಿಂದಲೇ ಕೂಗಿದ: "ನಿಂತ್ಕೋತೀನಿ, ಆದರೆ ಬಾಯಿಗೂ ಒಂದು ಲೈಫ್ ಜಾಕೆಟ್ ಹಾಕಿಸಿ!"

ಮಾರ್ಚ್ ಇಪ್ಪತ್ತೆಂಟಕ್ಕೆ ಹೊರಡುತ್ತೇವೆ. ನೀವು ಬರುತ್ತೀರೆಂದು ದೊಡ್ಡಕ್ಕನಿಗೆ ಹೇಳಿದ್ದೇನೆ. ಸ್ವಂತದವರನ್ನು ಸ್ವಂತ ರಾಫ್ಟಿಗೆ ಹತ್ತಿಸುವ ಹಾಗಿಲ್ಲ, ಗೈಡಿನ ಕಣ್ಣು ನೀರು ಬಿಟ್ಟು ಅವರ ಮೇಲೆ ಹೋಗುತ್ತದೆ. ಆದ್ದರಿಂದ ನೀವಿಬ್ಬರೂ ಮೌನಿ ಅಣ್ಣನ ರಾಫ್ಟಿನಲ್ಲಿ. ನನ್ನನ್ನು ಕೂಗಿ ಕರೆಯಬೇಡಿ. ಕೈ ನಿಲ್ಲಿಸಬೇಡಿ. ಬೀಸುಕಲ್ಲನ್ನು ನಾನು ಇಳಿಸುವುದನ್ನು ನೀವು ನೋಡಬೇಕು ಎಂದು ನನಗೆ ಬಹಳ ಆಸೆಯಿದೆ. ದೊಡ್ಡಕ್ಕನೂ ಅದನ್ನು ನೋಡಿಯೇ ತೀರ್ಮಾನಿಸುವುದು.

ನಿಮ್ಮ ಮಗಳು


ಏಪ್ರಿಲ್ ೩

ಗಾಳಿಪಟಕ್ಕೆ,

ಕ್ಷೇಮವಾಗಿ ಮನೆ ಸೇರಿದೆವು. ಕಂಡಕ್ಟರ್ ಮಾಮ ಇನ್ನೂ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಅಲ್ಲಾಡಿಸಿ ನೋಡುತ್ತಾನೆ.

ಅಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ನೀನು ಕೆಲಸದಲ್ಲಿದ್ದೆ, ನನಗೆ ಬಾಯಿ ಬರಲಿಲ್ಲ. ಅದನ್ನೆಲ್ಲ ಈಗ ಬರೆಯುತ್ತೇನೆ.

ಮೊದಲ ಇಳಿಜಾರಿನಲ್ಲಿ ನನ್ನ ಕೈ ನಿಂತೇ ಹೋಯಿತು, ಬಲಗಾಲು ರಾಫ್ಟಿನ ತಳವನ್ನು ಒತ್ತಿ ಹಿಡಿಯಿತು. ಮೌನಿ ಹಿಂದಿನಿಂದ, "ಯಜಮಾನ್ರೇ, ಅಲ್ಲಿ ಪೆಡಲ್ ಇಲ್ಲ" ಎಂದ. ಕಂಡಕ್ಟರ್ ಮಾಮ ಅಷ್ಟು ನೀರಿನ ಸದ್ದಿನಲ್ಲೂ, "ಹೋಲ್ಡಾನ್! ಹೋಲ್ಡಾನ್!" ಎಂದು ಅರಚುತ್ತಿದ್ದ. ನೀನು ನಮ್ಮ ಮುಂದೆ ಹೋಗುತ್ತಿದ್ದೆ. ನಿನ್ನ ಬೆನ್ನು, ಮೋಟು ಕೂದಲು, ಹುಟ್ಟನ್ನು ನೀರಿಗೆ ಊರಿ ಮೈಯೆಲ್ಲ ಅದರ ಮೇಲೆ ಹಾಕುವುದು ಕಾಣುತ್ತಿತ್ತು. "ಮುಂದಕ್ಕೆ!" ಎಂದು ನೀನು ಕೂಗಿದಾಗ ನಿನ್ನ ರಾಫ್ಟಿನವರ ಜೊತೆ ನಾನೂ ಹುಟ್ಟು ಹಾಕಿಬಿಟ್ಟೆ.

ಬೀಸುಕಲ್ಲಿನ ಹತ್ತಿರ ನಮ್ಮನ್ನು ಕೆಳಗೆ ಕೂರಿಸಿ ನೀವು ಬಂಡೆ ಹತ್ತಿದಿರಿ. ಕೆಳಗಿನಿಂದ ನಿಮ್ಮ ಮೂವರ ತಲೆ ಮಾತ್ರ ಕಾಣುತ್ತಿತ್ತು. ದೊಡ್ಡಕ್ಕ ಕೂಗಿದರು, "ನಡಿಗೆ."

ನಿಜ ಹೇಳುತ್ತೇನೆ, ನಾನು ಕೂತಲ್ಲಿಂದ ಎದ್ದೇಬಿಟ್ಟೆ. ನಿನ್ನ ಪರೀಕ್ಷೆ ಅದೇ ಅಲ್ಲವೇ? ಇಳಿಸದಿದ್ದರೆ ತೋರಿಸುವುದು ಏನನ್ನು?

ನೀವು ಕೆಳಗೆ ಬರುವಷ್ಟರಲ್ಲಿ ಜನ ಗೊಣಗಲು ಶುರು ಮಾಡಿದ್ದರು. ಗುಲಾಬಿ ಅಂಗಿಯ ಹೆಂಗಸೊಬ್ಬರು ನಿನ್ನ ದಾರಿಗೇ ಅಡ್ಡ ನಿಂತು, "ಏನಮ್ಮಾ, ನೀನೇ ಚಿಕ್ಕವಳು, ಹೆದ್ರಿಕೊಂಡಿದ್ದು ನೀನೇ ತಾನೇ? ನಿಜ ಹೇಳು" ಎಂದು ಕೇಳಿದರು. ನಾನು ನಿನ್ನ ಹಿಂದೆಯೇ ಇದ್ದೆ. "ನಿಜ ಹೇಳು" ಎಂದು ಕೇಳಿದಾಗ ನೀನು ಸುಮ್ಮನಿದ್ದದ್ದನ್ನು ನಾನು ಎಂದೂ ಕಂಡಿಲ್ಲ. ಕಂಡಕ್ಟರ್ ಮಾಮ ನನ್ನ ತೋಳನ್ನು ಹಿಂಡಿ ಹಿಡಿದಿದ್ದ.

"ದಾರೀಲಿ ಒದ್ದೆ ಬಂಡೆ ಇದೆ, ನೋಡ್ಕೊಂಡು ಹೆಜ್ಜೆ ಇಡಿ" ಎಂದೆ ನೀನು. ಅಷ್ಟೇ ಹೇಳಿ ಹಗ್ಗ ಹಿಡಿಯಲು ಹೋದೆ.

ಆ ಹೆಂಗಸು ಬಿಡಲಿಲ್ಲ. ಕಾಲುದಾರಿಯಲ್ಲಿ, "ಅವಳೇ, ಇಲ್ಲಾ ಆ ಮೂಕ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಬಾಯಿ ತೆರೆದು ನಿನ್ನ ಪರ ಮಾತಾಡಿದರೆ ಕೆಲಸ ಕೆಡುತ್ತದೆ ಎಂದು ನನಗೆ ಹೊಳೆಯಿತು. ಬೇಡ ಅಂದದ್ದು ಮಗಳೇ ಇರಬೇಕು, ಅದಕ್ಕೇ ಅಪ್ಪ ಅವಳ ಪರ ವಹಿಸುತ್ತಿದ್ದಾನೆ ಎನ್ನುತ್ತಾರೆ. ಅದಕ್ಕೆ ನಾನೂ ಬೈಯಲು ಶುರು ಮಾಡಿದೆ. ಎಲ್ಲರಿಗಿಂತ ಜೋರಾಗಿ! "ಯಾರ್ರೀ ಅದು ಬೇಡ ಅಂದೋರು? ಇಷ್ಟು ದೂರ ಬಂದಿದೀವಿ! ಒಬ್ಬರಾ, ಇಬ್ಬರಾ, ಮೂವರೂನಾ? ಮೂವರಿಗೂ ಧೈರ್ಯ ಇಲ್ಲ! ನನ್ನ ಮಂಡಿ ನೋವಿಗೆ ಯಾರು ಜವಾಬ್ದಾರಿ?" ಕಂಡಕ್ಟರ್ ಮಾಮ ನನ್ನನ್ನೂ ಮೀರಿಸಿದ. ಅವನು ಜಗಳದಲ್ಲಿ ಪಳಗಿದವನು. ಕೊನೆಗೆ ಗುಲಾಬಿ ಅಂಗಿಯವರೇ ತಿರುಗಿ, "ಹೋಗ್ಲಿ ಬಿಡ್ರೀ, ಏನೋ ಅವರಿಗೆ ನೀರು ಸರಿ ಕಂಡಿಲ್ಲ. ಇದಕ್ಕೆಲ್ಲ ಇಷ್ಟು ಕೂಗಾಡ್ತಾರಾ?" ಎಂದು ನನಗೇ ಬುದ್ಧಿ ಹೇಳಿದರು.

ಮಗಳನ್ನು ಅಷ್ಟು ಹೊಟ್ಟೆತುಂಬ, ಅಷ್ಟು ಸಂತೋಷವಾಗಿ ನಾನು ಎಂದೂ ಬೈದಿರಲಿಲ್ಲ.

ಅದು ಯಾರ ಮುಷ್ಟಿ ಎಂದು ನಾನು ಕೇಳುವುದಿಲ್ಲ. ಡಿಪೋದಲ್ಲಿ, "ಬೀಸುಕಲ್ಲು ಇಳಿಸಿದಳಾ?" ಎಂದು ಕೇಳಿದರು. "ಇಲ್ಲ, ನಡೆದೆವು" ಎಂದೆ. ಎದೆ ಉಬ್ಬಿಸಿಕೊಂಡು ಹೇಳಿದೆನಂತೆ. ಅವರಿಗೆ ಅರ್ಥವಾಗಲಿಲ್ಲ.

ದೊಡ್ಡಕ್ಕ ಏನೆಂದರು? ಜೀಪು ಹತ್ತುವಾಗ ಅವರನ್ನೇ ಕೇಳಬಹುದಿತ್ತು, ಕೇಳಲ್ಲ ಎಂದು ಹಲ್ಲು ಕಚ್ಚಿ ಕೂತೆ. ಪರೀಕ್ಷೆಯ ಅರ್ಜಿಗೆ ಇನ್ನೂ ಸಮಯವಿದೆ. ಮಾತು ಮಾತೇ, ಆದರೆ ಈ ಸಲ ಅದು ನನ್ನ ಕುತ್ತಿಗೆಗೇ ಬಂದ ಹಾಗಿದೆ.

ನಿನ್ನ ಅಪ್ಪ

(ನನಗೊಬ್ಬಳಿಗೆ ಹೇಳು, ಯಾರದು? ಇವರಿಗೆ ಹೇಳುವುದಿಲ್ಲ. — ಅಮ್ಮ)


ಏಪ್ರಿಲ್ ೧೬

ಅಪ್ಪ, ಅಮ್ಮ,

ಇವತ್ತು ಸೀಸನ್ ಮುಚ್ಚಿದೆವು. ರಾಫ್ಟುಗಳ ಗಾಳಿ ಬಿಟ್ಟು, ತೊಳೆದು, ಸುರುಳಿ ಸುತ್ತಿ ಶೆಡ್ಡಿನೊಳಗೆ ಇಟ್ಟೆವು. ಗಾಳಿ ಹೋದ ರಾಫ್ಟಿನ ಮೇಲೆ ಉರುಳಾಡಿ ಉಳಿದ ಗಾಳಿ ಹೊರಗೆ ಹಾಕುವುದು ನನ್ನ ಕೆಲಸ. ಅದನ್ನೂ ಪೂರ್ತಿ ಮುಗಿಸಿದೆ, ಕಂಡಕ್ಟರ್ ಮಾಮನಿಗೆ ಹೇಳಿ.

ದೊಡ್ಡಕ್ಕ ಇಷ್ಟು ದಿನ ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇವತ್ತು ಶೆಡ್ಡಿಗೆ ಬೀಗ ಹಾಕುವಾಗ ನೀಲಿ ರಾಫ್ಟಿನ ಸುರುಳಿಯನ್ನು ಕಾಲಿನಿಂದ ಮುಟ್ಟಿ, "ಮುಂದಿನ ಸೀಸನ್ನಿಗೆ ಇದು ನಿಂದು. ಇಲಿ ಕಡೀದ ಹಾಗೆ ಎತ್ತರದಲ್ಲಿಡು" ಎಂದರು.

ಸುರುಳಿಯನ್ನು ಎತ್ತಿ ಮೇಲಿಟ್ಟೆ. ಆಮೇಲೆ, "ಬೀಸುಕಲ್ಲು ಇಳಿಸಿ ತೋರಿಸ್ಲೇ ಇಲ್ವಲ್ಲ ದೊಡ್ಡಕ್ಕ" ಎಂದೆ. ಹೇಳದೆ ಇರಬಹುದಿತ್ತು. ಆದರೆ ಅದು ನನ್ನದೇ ವಿಷಯ, ಅದನ್ನು ಹೇಳಲು ನನಗೆ ಹಕ್ಕಿದೆ ಅಲ್ಲವೇ?

"ಇಳಿಸೋಕೆ ಮುಂದಿನ ವರ್ಷ ಇಡೀ ಇದೆ" ಎಂದು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೇಬಿಟ್ಟರು.

ಆದ್ದರಿಂದ ಅರ್ಜಿ ತುಂಬಬೇಡಿ. ನಾನು ಮುಂದಿನ ಜೀಪಿಗೆ ಹೊರಟು ಬರುತ್ತೇನೆ. ಮುಂದಿನ ಸೀಸನ್ನಿನವರೆಗೆ ಮನೆಯಲ್ಲಿರುತ್ತೇನೆ. ಮಾತು ಉಳಿಸಿಕೊಂಡು ಬರುತ್ತಿದ್ದೇನೆ, ಬಿಟ್ಟು ಬರುತ್ತಿಲ್ಲ.

ಅಮ್ಮ, ನೀನು ಕೇಳಿದ್ದು ಓದಿದೆ. ಬೇರೆ ಯಾರಾದರೂ ಕೇಳಿದ್ದರೆ ಕಷ್ಟವಿರಲಿಲ್ಲ. ನೀನು ಕೇಳಿದ್ದಕ್ಕೆ ರಾತ್ರಿಯೆಲ್ಲ ಹೊರಳಾಡಿದೆ. ನೀನು ಕೇಳಿದ್ದನ್ನು ನಾನು ಈವರೆಗೆ ಮುಚ್ಚಿಟ್ಟಿದ್ದು ಯಾವುದೂ ಇಲ್ಲ. ಆದರೂ ಇಲ್ಲ, ಅಮ್ಮ.

ಒಂದನ್ನು ಮಾತ್ರ ಹೇಳುತ್ತೇನೆ. ಅಪ್ಪ, ನೀವು ಬೈದದ್ದು ನಮಗೆ ಕೇಳಿಸಿತು. ಕಾಲುದಾರಿ ನಮ್ಮ ತಲೆಯ ಮೇಲೇ ಹೋಗುತ್ತದೆ, ಬಂಡೆಗೋಡೆಗೆ ತಾಗಿ ನಿಮ್ಮ ದನಿ ಎರಡರಷ್ಟಾಗಿ ಕೆಳಗೆ ಬಂತು. ನಾವು ಮೂವರೂ ಸೊಂಟದವರೆಗೆ ನೀರಿನಲ್ಲಿ ನಿಂತು ರಾಫ್ಟನ್ನು ಹಗ್ಗದಲ್ಲಿ ಬಿಡುತ್ತಿದ್ದೆವು. "ಮೂವರಿಗೂ ಧೈರ್ಯ ಇಲ್ಲ!" ಎಂದು ನೀವು ಕೂಗಿದಾಗ ಪಟಾಕಿ ನನ್ನ ಮುಖ ನೋಡಿದ, ನಾನು ಮೌನಿ ಅಣ್ಣನ ಮುಖ ನೋಡಿದೆ. ಮೌನಿ ಅಣ್ಣ ನಕ್ಕುಬಿಟ್ಟ. ಅವನು ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಗ್ಗ ಎಲ್ಲಿ ಜಾರುತ್ತದೋ ಎಂದು ಹೆದರುವಷ್ಟು ನಕ್ಕ. "ನಿಮ್ಮಪ್ಪ ಚೆನ್ನಾಗಿ ಬೈತಾರೆ" ಎಂದ.

"ಯಾರನ್ನ ಬೈತಿದೀನಿ ಅಂತ ಅವರಿಗೇ ಗೊತ್ತಿಲ್ಲ" ಎಂದೆ.

"ನಮಗೂ ಗೊತ್ತಿಲ್ವಲ್ಲ!" ಎಂದ ಪಟಾಕಿ. ನಾವು ಮತ್ತೆ ನಕ್ಕೆವು, ಹಗ್ಗವನ್ನು ಮಾತ್ರ ಬಿಡಲಿಲ್ಲ.

ಬೈಸಿಕೊಂಡ ಆ ಮೂವರಲ್ಲಿ ಒಬ್ಬಳು ನಾನು, ಅಪ್ಪ. ಅಷ್ಟನ್ನು ಯಾರು ಕೇಳಿದರೂ ಹೇಳಿ.

ನಿಮ್ಮ ಮಗಳು